ಈ ಹಕ್ಕಿ ಅಪರೂಪದ್ದಾ? ಹುಬ್ಬಳ್ಳಿ-ಧಾರವಾಡಕ್ಕೆ ಬರುವ ವಲಸೆ ಹಕ್ಕಿಗಳ ಬಗ್ಗೆ ತಿಳಿದಿರಬೇಕಾದ ಮಾಹಿತಿ

ಧಾರವಾಡ: ಗಣಪತಿ ಹಬ್ಬ ಮುಗಿದು ದಸರಾ ಹತ್ತಿರ ಬಂತು ಅಂದ್ರೆ ನಮ್ಮ ವಾಟ್ಸಾಪ್‌ಗೆ ಹಕ್ಕಿ ಫೋಟೊಗಳು ಬರೋಕೆ ಶುರು. "ಸರ, ಅಪರೂಪದ ಹಕ್ಕಿ ಸಿಕ್ಕೈತಿ, ಸುದ್ದಿ ಮಾಡ್ರಿ." "ಉಣಕಲ್ ಕೆರಿಗೆ ಫಾರಿನ್ ಬಾತುಕೋಳಿ ಬಂದಾವ ನೋಡ್ರಿ." ಇಂಥ ಫೋಟೊಗಳಲ್ಲಿ ಬಹಳಷ್ಟು ವರ್ಷಪೂರ್ತಿ ಇಲ್ಲೇ ಇರುವ ಹಕ್ಕಿಗಳದ್ದು. ಅದೇ ಹೊತ್ತಿಗೆ ಹಿಮಾಲಯ ದಾಟಿ ಬಂದ ಹಕ್ಕಿ ಮನೆ ಮುಂದಿನ ಗಟಾರದ ದಂಡೆ ಮೇಲೆ ಬಾಲ ಕುಣಿಸುತ್ತ ಓಡಾಡುತ್ತಿರುತ್ತದೆ, ಅದರ ಫೋಟೊ ಯಾರೂ ತೆಗೆಯೋದಿಲ್ಲ.

ಯಾವ ಹಕ್ಕಿ ಎಲ್ಲಿಂದ ಬರುತ್ತದೆ, ಯಾವ ತಿಂಗಳು ಎಲ್ಲಿ ಕಾಣುತ್ತದೆ, ಯಾವುದನ್ನ ನಿಜಕ್ಕೂ ಅಪರೂಪ ಅನ್ನಬೇಕು, ಸಿಕ್ಕರೆ ಏನು ಮಾಡಬೇಕು ಅನ್ನೋ ವಿವರ ಇಲ್ಲಿದೆ. ಮುಂದಿನ ಸಲ ಫೋಟೊ ಕಳಿಸುವ ಮೊದಲು ಒಮ್ಮೆ ಓದಿಕೊಳ್ಳಿ.

ಎರಡು ಸೀಮೆ ನಡುವಿನ ಊರು

ನಮ್ಮ ಜಿಲ್ಲೆಯ ಜಾಗವೇ ಹಕ್ಕಿ ನೋಡುವವರಿಗೆ ಅನುಕೂಲ. ಪಶ್ಚಿಮಕ್ಕೆ ಅಳ್ನಾವರ, ಕಲಘಟಗಿ ಕಡೆ ಹೋದರೆ ಮಲೆನಾಡಿನ ಕಾಡು ಶುರುವಾಗುತ್ತದೆ. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ, ಕುಂದಗೋಳ ಕಡೆ ಹೋದರೆ ಕಣ್ಣು ಹಾಯಿಸಿದಷ್ಟು ಎರಿ ಹೊಲ. ನಡುವೆ ಅವಳಿ ನಗರದ ಕೆರೆಗಳು: ಹುಬ್ಬಳ್ಳಿಯ ಉಣಕಲ್, ಧಾರವಾಡದ ಕೆಲಗೇರಿ ಮತ್ತು ಸಾಧನಕೇರಿ. ಕಲಘಟಗಿ ಕಡೆ ಹುಬ್ಬಳ್ಳಿಗೆ ಕುಡಿಯುವ ನೀರಿಗಾಗಿ ಕಟ್ಟಿದ ನೀರಸಾಗರ. ಇವುಗಳ ಜೊತೆ ಕರ್ನಾಟಕ ವಿಶ್ವವಿದ್ಯಾಲಯ ಮತ್ತು ಕೃಷಿ ವಿಶ್ವವಿದ್ಯಾಲಯದ ಮರ ತುಂಬಿದ ಆವರಣಗಳು.

ಹೀಗಾಗಿ ಕಾಡಿನ ಹಕ್ಕಿ, ಬಯಲಿನ ಹಕ್ಕಿ, ನೀರಿನ ಹಕ್ಕಿ ಮೂರೂ ಒಂದೇ ಜಿಲ್ಲೆಯಲ್ಲಿ ಸಿಗುತ್ತವೆ. ಬೆಳಗ್ಗೆ ಅಳ್ನಾವರ ಬಸ್ಸು ಹತ್ತಿದವನಿಗೆ ಒಂದು ಪಟ್ಟಿ ಸಿಕ್ಕರೆ ನವಲಗುಂದ ಬಸ್ಸು ಹತ್ತಿದವನಿಗೆ ಬೇರೆಯದೇ ಪಟ್ಟಿ.

ಇವು ಬರೋದು ಚಳಿಗೆ ಹೆದರಿ ಅಂತ ಎಲ್ಲರೂ ಹೇಳ್ತಾರೆ, ಅದು ಅರ್ಧ ಸತ್ಯ. ಪುಕ್ಕ ಇದ್ದರೆ ಚಳಿ ತಡೆಯಬಹುದು, ಹಸಿವು ತಡೆಯೋಕಾಗಲ್ಲ. ಸೈಬೀರಿಯಾ, ಮಂಗೋಲಿಯಾ, ಕಜಾಕಿಸ್ತಾನದಲ್ಲಿ ಕೆರೆ ಹೆಪ್ಪುಗಟ್ಟಿದ ಮೇಲೆ ಬಾತುಗಳಿಗೆ ನೀರಿಲ್ಲ, ಹುಳ ಹಿಡಿಯುವ ಹಕ್ಕಿಗಳಿಗೆ ಹುಳ ಇಲ್ಲ. ಅದೇ ಸಮಯಕ್ಕೆ ನಮ್ಮಲ್ಲಿ ಮಳೆ ಮುಗಿದು ಕೆರೆ ತುಂಬಿರುತ್ತದೆ, ಹಿಂಗಾರಿ ಬಿತ್ತನೆ ನಡೆದಿರುತ್ತದೆ, ಹೊಲದ ತುಂಬ ಮಿಡತೆ ಇರುತ್ತವೆ.

ಹಬ್ಬದ ಲೆಕ್ಕದಲ್ಲಿ ಯಾರು ಯಾವಾಗ

ಮೊದಲು ಬರುವ ಗುಂಪಿನಲ್ಲಿ ಗದ್ದೆಗೊರವಗಳಿವೆ. ಆಗಸ್ಟ್‌ನಲ್ಲೇ ಕೆರೆ ಅಂಚಿನ ರಾಡಿಯಲ್ಲಿ ಕೊಕ್ಕು ಚುಚ್ಚುತ್ತ ಓಡಾಡುತ್ತವೆ. ಬೆನ್ನ ಹಿಂದೆಯೇ ಬೂದು ಸಿಪಿಲೆ. ಹೊಟ್ಟೆ ಹಳದಿ, ಬಾಲ ಉದ್ದ, ಒಂದು ಕ್ಷಣವೂ ಬಾಲ ನಿಲ್ಲಿಸೋದಿಲ್ಲ. ಕೆಲವರು ಕುಂಡೆಕುಸ್ಕ ಅಂತಲೂ ಕರೆಯುತ್ತಾರೆ. ಹಿಮಾಲಯದ ಹೊಳೆಗಳ ಪಕ್ಕ ಗೂಡು ಕಟ್ಟಿ ಮರಿ ಮಾಡಿದ ಹಕ್ಕಿ ಇಲ್ಲಿ ನಾಲಾ ಪಕ್ಕ ಚಳಿಗಾಲ ಕಳೆಯುತ್ತದೆ. ಮೊದಲು ಹೇಳಿದ ಗಟಾರದ ದಂಡೆಯ ಹಕ್ಕಿ ಇದೇ.

ದಸರಾ, ಶೀಗಿ ಹುಣ್ಣಿಮೆ ಹೊತ್ತಿಗೆ ಕರೆಂಟ್ ತಂತಿ ಮೇಲೆ ಅಂಬರಗುಬ್ಬಿಗಳ ಸಾಲು ಕಾಣುತ್ತದೆ. ಬೇಲಿ ಗಿಡದಲ್ಲಿ ಕಂದು ಕಳಿಂಗ ಕೂತು ಕರಕರ ಅಂತ ಬೈಯುತ್ತಿರುತ್ತದೆ, ಕಣ್ಣಿಗೆ ಕರಿ ಪಟ್ಟಿ ಕಟ್ಟಿಕೊಂಡಂತಿರುವ ಹಕ್ಕಿ. ಮಾವು, ಬೇವಿನ ಮರಗಳಲ್ಲಿ ಎಲೆ ಬಣ್ಣದ ಪುಟ್ಟ ಉಲಿಯಕ್ಕಿಗಳು. ಇವು ಕಣ್ಣಿಗೆ ಬೀಳೋದು ಕಡಿಮೆ, ದಿನವಿಡೀ ಕೂಗು ಮಾತ್ರ ಕೇಳುತ್ತದೆ. ಉದ್ದ ರಿಬ್ಬನ್ ಬಾಲದ ರಾಜಹಕ್ಕಿಯೂ ಈ ಸಮಯಕ್ಕೆ ತೋಟಗಳಲ್ಲಿ ಕಾಣಸಿಗುತ್ತದೆ.

ದೀಪಾವಳಿ ನಂತರ ಬಾತುಗಳು. ಸೂಜಿಬಾಲದ ಬಾತು, ಸಲಿಕೆಯಂಥ ಕೊಕ್ಕಿನ ಶೋವೆಲರ್, ಗಾರ್ಗನಿ. ಎರಿ ಹೊಲಗಳ ಮೇಲೆ ಸೆಳೆವಗಳು. ಎಳ್ಳಮವಾಸಿಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಕಡಲೆ, ಜೋಳದ ಮೇಲೆ ತೀರಾ ಕೆಳಗೆ, ರೆಕ್ಕೆ ಸ್ವಲ್ಪ ಮೇಲೆತ್ತಿ ತೇಲುತ್ತ ಹೋಗುವ ದೊಡ್ಡ ಹಕ್ಕಿ ಕಂಡರೆ ಅದು ಹದ್ದಲ್ಲ, ಬಹುಮಟ್ಟಿಗೆ ಸೆಳೆವ. ಕಜಾಕಿಸ್ತಾನದ ಹುಲ್ಲುಗಾವಲಿನಿಂದ ಬಂದು ಇಲ್ಲಿ ಮಿಡತೆ, ಇಲಿ, ನೆಲದ ಸಣ್ಣ ಹಕ್ಕಿ ಹಿಡಿದು ತಿನ್ನುತ್ತದೆ. ರಾತ್ರಿ ಮರ ಹತ್ತೋದಿಲ್ಲ, ಬೀಳು ಬಿದ್ದ ಹುಲ್ಲುನೆಲದಲ್ಲಿ ನೆಲದ ಮೇಲೇ ಗುಂಪಾಗಿ ಮಲಗುತ್ತದೆ. ಗೋಮಾಳ, ಬೀಳು ಭೂಮಿ ಎಲ್ಲ ಲೇಔಟ್ ಆದರೆ ಇದಕ್ಕೆ ಹಗಲು ಊಟ ಸಿಕ್ಕರೂ ರಾತ್ರಿ ಮಲಗೋಕೆ ಜಾಗ ಇಲ್ಲ.

ಫೆಬ್ರುವರಿ ಕೊನೆಯಿಂದ ವಾಪಸ್ ಪ್ರಯಾಣ ಶುರು. ಏಪ್ರಿಲ್ ಮುಗಿಯೋದ್ರೊಳಗೆ ಬಹುತೇಕ ಖಾಲಿ.

ಜೋಳಕ್ಕೂ ಬರುವ, ಕೀಟಕ್ಕೂ ಬರುವ ಗುಲಾಬಿ ಕಬ್ಬಕ್ಕಿ

ನಮ್ಮ ಭಾಗದ ರೈತರಿಗೆ ಹೆಚ್ಚು ಪರಿಚಯ ಇರುವ ವಲಸೆ ಹಕ್ಕಿ ಇದೇ. ತಲೆ, ರೆಕ್ಕೆ, ಬಾಲ ಕಪ್ಪು, ಮೈ ತಿಳಿ ಗುಲಾಬಿ. ಮರಿಗಳು ಮಣ್ಣಿನ ಬಣ್ಣದವು, ಹಾಗಾಗಿ ಸೆಪ್ಟೆಂಬರ್‌ನಲ್ಲಿ ಬರುವ ಹಿಂಡಿನಲ್ಲಿ ಗುಲಾಬಿ ಬಣ್ಣ ಕಡಿಮೆ ಕಾಣಬಹುದು. ಹಿಂಡು ಅಂದ್ರೆ ನೂರು ಇನ್ನೂರು ಅಲ್ಲ, ಸಾವಿರಗಟ್ಟಲೆ. ಸಂಜೆ ಜಾಲಿ ಗಿಡಗಳಲ್ಲಿ ಇಳಿಯುವ ಮುನ್ನ ಆಕಾಶದಲ್ಲಿ ಹೊಗೆ ತಿರುಗಿದ ಹಾಗೆ ತಿರುಗುತ್ತವೆ.

ಹಳೆಯ ಬ್ರಿಟಿಷ್ ಪುಸ್ತಕಗಳಲ್ಲಿ ಇದಕ್ಕೆ "ಜೋವಾರಿ ಬರ್ಡ್", ಅಂದ್ರೆ ಜೋಳದ ಹಕ್ಕಿ ಅಂತಲೇ ಹೆಸರಿದೆ. ಕಾರಣ ಕೇಳಬೇಕಿಲ್ಲ. ಹಿಂಗಾರಿ ಜೋಳ ಹಾಲುಗಾಳಾಗಿ ಸೀತನಿ ತಿನ್ನುವ ಹದಕ್ಕೆ ಬಂದಾಗ ಹಿಂಡು ಇಳಿದರೆ ತೆನೆ ಬೋಳು. ಕವಣೆ ಬೀಸಿ, ಡಬ್ಬಿ ಬಡಿದು ಹಕ್ಕಿ ಕಾಯೋದು ನಮ್ಮ ಕಡೆ ಹಿಂದಿನಿಂದ ಬಂದ ಕೆಲಸ.

ಆದರೆ ಕಥೆಯ ಇನ್ನೊಂದು ಮಗ್ಗುಲು ಇದೆ. ಮಧ್ಯ ಏಷ್ಯಾದಲ್ಲಿ ಇದೇ ಹಕ್ಕಿ ಮಿಡತೆ ತಿಂದು ಬದುಕುತ್ತದೆ. ಚೀನಾದ ಶಿಂಜಿಯಾಂಗ್‌ನಲ್ಲಿ ಮಿಡತೆ ಕಾಟ ತಡೆಯಲು ಈ ಹಕ್ಕಿಗೆ ಗೂಡು ಮಾಡಲು ಅನುಕೂಲ ಆಗಲಿ ಅಂತ ಕಲ್ಲಿನ ರಾಶಿ ಹಾಕಿಕೊಡುತ್ತಾರೆ. ಇಲ್ಲೂ ಜೋಳ ತೆನೆ ಬಿಡುವ ಮೊದಲಿನ ತಿಂಗಳುಗಳಲ್ಲಿ ಹೊಲದಲ್ಲಿ ಹುಳ, ಮಿಡತೆಗಳನ್ನೇ ಹೆಕ್ಕುತ್ತದೆ. ಫೆಬ್ರುವರಿ-ಮಾರ್ಚ್‌ನಲ್ಲಿ ಮುತ್ತುಗ, ಬೂರುಗದ ಹೂವಿನಿಂದ ಹೂವಿಗೆ ಹಾರಿ ಮಕರಂದ ಕುಡಿಯುವಾಗ ಪರಾಗ ಸಾಗಿಸುತ್ತದೆ. "ಪೀಡೆ ಹಕ್ಕಿ" ಅಂತ ಒಂದೇ ಮಾತಲ್ಲಿ ಮುಗಿಸೋದು ಸರಿ ಅಲ್ಲ, "ರೈತನ ಮಿತ್ರ" ಅಂತ ಹಾಡಿ ಹೊಗಳಿದರೆ ತೆನೆ ಕಳಕೊಂಡವನು ಒಪ್ಪೋದೂ ಇಲ್ಲ.

ಮನೆಯೊಳಗೆ ಬಂದು ಬೀಳುವ ನವರಂಗ

ಅಕ್ಟೋಬರ್‌ನಲ್ಲಿ "ಅಪರೂಪದ ಹಕ್ಕಿ ಸಿಕ್ಕಿದೆ" ಅಂತ ಬರುವ ಕರೆಗಳಲ್ಲಿ ನವರಂಗದ ಪಾಲು ದೊಡ್ಡದು. ಬೆನ್ನು ಹಸಿರು, ಹೊಟ್ಟೆ ಕೇಸರಿ, ಬಾಲದ ಬುಡ ಕೆಂಪು, ರೆಕ್ಕೆಯಲ್ಲಿ ಮಿಂಚುವ ನೀಲಿ, ಕಣ್ಣಿನ ಮೇಲೆ ಕರಿ ಪಟ್ಟೆ. ನೋಡಿದವರು ಯಾರೋ ಸಾಕಿದ ವಿದೇಶಿ ಹಕ್ಕಿ ತಪ್ಪಿಸಿಕೊಂಡಿದೆ ಅಂದುಕೊಳ್ಳೋದು ಸಹಜ. ಇದು ಅಪ್ಪಟ ಭಾರತದ ಹಕ್ಕಿ. ಹೆಚ್ಚಿನವು ಮಳೆಗಾಲದಲ್ಲಿ ಉತ್ತರ ಮತ್ತು ಮಧ್ಯ ಭಾರತದಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ದಕ್ಷಿಣ ಭಾರತ, ಶ್ರೀಲಂಕಾ ಕಡೆ ಬರುತ್ತವೆ.

ಪ್ರಯಾಣ ರಾತ್ರಿ ಹೊತ್ತು. ದಣಿದು ಇಳಿಯುವಾಗ ಬೆಳಕಿಗೆ ಗೊಂದಲಗೊಂಡು ಕಿಟಕಿ ಗಾಜಿಗೆ ಬಡಿಯುತ್ತವೆ, ಬಾತ್‌ರೂಮ್, ಮೆಟ್ಟಿಲು, ಆಫೀಸ್ ವರಾಂಡದಲ್ಲಿ ಬಿದ್ದಿರುತ್ತವೆ. ದೊಡ್ಡ ಗಾಜಿನ ಕಟ್ಟಡಗಳು ಹೆಚ್ಚಾದಷ್ಟು ಇದು ಹೆಚ್ಚು.

ಸಿಕ್ಕರೆ ಮಾಡಬೇಕಾದ್ದು ಸರಳ. ಗಾಳಿ ಆಡುವ ತೂತು ಮಾಡಿದ ರಟ್ಟಿನ ಡಬ್ಬಿ, ಒಳಗೆ ಒಂದು ಬಟ್ಟೆ, ಅದರಲ್ಲಿ ಹಕ್ಕಿ ಇಟ್ಟು ಕತ್ತಲಾದ, ಸದ್ದಿಲ್ಲದ ಕೋಣೆಯಲ್ಲಿ ಬಿಡಿ. ಬೆಕ್ಕು ಬರದಂತೆ ನೋಡಿಕೊಳ್ಳಿ. ಬಾಯಿಗೆ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಹೋಗಿ ಸಾಯುತ್ತದೆ. ಅನ್ನ, ಬಿಸ್ಕಿಟ್ ಬೇಡವೇ ಬೇಡ, ಇದು ತಿನ್ನೋದು ಹುಳ. ಕೆಲವು ತಾಸು ಬಿಟ್ಟು ಚುರುಕಾಗಿದ್ದರೆ ಹತ್ತಿರದ ಗಿಡಮರ ಇರುವ ಜಾಗದಲ್ಲಿ ಬಿಡಿ. ರೆಕ್ಕೆ ಮುರಿದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಕೈಯಲ್ಲಿ ಹಿಡಿದು ಸೆಲ್ಫಿ, ಅಕ್ಕಪಕ್ಕದ ಮನೆ ಮಕ್ಕಳಿಗೆಲ್ಲ ತೋರಿಸೋದು, ಇದೇ ಹಕ್ಕಿಯನ್ನ ಕೊಲ್ಲೋದು. ಪಂಜರದಲ್ಲಿ ಸಾಕುವ ಆಸೆ ಇದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನೆನಪಿರಲಿ.

ಫಾರಿನ್ ಅನ್ನಿಸುವ ಊರ ಹಕ್ಕಿಗಳು

ಉಣಕಲ್, ಕೆಲಗೇರಿಯಲ್ಲಿ ಗುಂಪಾಗಿ ತೇಲುವ ಬಾತುಗಳಲ್ಲಿ ಕೊಕ್ಕಿನ ತುದಿ ಹಳದಿ ಇದ್ದರೆ ಅದು ಚುಕ್ಕೆ ಬಾತು. ಕಂದು ಮೈ, ಹಾರುವಾಗ ಸಿಳ್ಳೆ ಹಾಕಿದಂಥ ಕೂಗು ಇದ್ದರೆ ಶಿಳ್ಳೆ ಬಾತು. ಎರಡೂ ನಮ್ಮವೇ. ಅಂತರಗಂಗೆ ಮೇಲೆ ನಡೆದಾಡುವ ನೀಲಿ-ನೇರಳೆ ಮೈ, ಕೆಂಪು ಕೊಕ್ಕಿನ ಕೋಳಿಯಂಥದ್ದು ನೇರಳೆ ಜಂಬುಕೋಳಿ, ಅದೂ ನಮ್ಮದೇ.

"ರಾಜಹಂಸ ಬಂದಾವ" ಅಂತ ಬರುವ ಫೋಟೊಗಳಲ್ಲಿ ಹಲವು ಬಣ್ಣದ ಕೊಕ್ಕರೆಯವು. ಬಾಲದ ಹತ್ತಿರದ ಗುಲಾಬಿ ಗರಿ ನೋಡಿ ಹಾಗನ್ನಿಸುತ್ತದೆ. ಕೊಕ್ಕು ನೋಡಿ: ಬಣ್ಣದ ಕೊಕ್ಕರೆಯದ್ದು ಉದ್ದ, ಹಳದಿ. ರಾಜಹಂಸದ್ದು ನಡುವೆ ಮುರಿದಂತೆ ಕೆಳಕ್ಕೆ ಬಾಗಿರುತ್ತದೆ. ಬಣ್ಣದ ಕೊಕ್ಕರೆ, ಬಿಳಿ ಕೆಂಬರಲು ಇವೆಲ್ಲ ನೀರು, ಮೀನು ಇರುವ ಕಡೆ ದೇಶದೊಳಗೇ ತಿರುಗಾಡುವ ಹಕ್ಕಿಗಳು. ಇವು ಗುಂಪಾಗಿ ನೋಡಬೇಕಿದ್ದರೆ ಮುಂಡಗೋಡ ಹತ್ತಿರದ ಅತ್ತಿವೇರಿ ಪಕ್ಷಿಧಾಮಕ್ಕೆ ಹೋಗಿ, ಹುಬ್ಬಳ್ಳಿಯಿಂದ ಸುಮಾರು 43 ಕಿ.ಮೀ.

ಮಾಗಡಿ ಕೆರೆಯ ಹೆಬ್ಬಾತು

ವಲಸೆ ಹಕ್ಕಿ ನೋಡಬೇಕು ಅನ್ನುವವರು ಒಮ್ಮೆಯಾದರೂ ಹೋಗಬೇಕಾದ ಜಾಗ ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ. 1997ರಲ್ಲಿ ಜಿಲ್ಲೆ ಒಡೆಯುವ ತನಕ ಅದೂ ಧಾರವಾಡ ಜಿಲ್ಲೆಯೇ. ಗದಗದಿಂದ 26 ಕಿ.ಮೀ., ಲಕ್ಷ್ಮೇಶ್ವರದಿಂದ 11 ಕಿ.ಮೀ. ಸುಮಾರು 134 ಎಕರೆಯ ನೀರಾವರಿ ಕೆರೆ ಅದು, ಕಾಡಲ್ಲ. 2024ರ ಜನವರಿಯಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿ ಜೊತೆ ಇದಕ್ಕೂ ಅಂತರರಾಷ್ಟ್ರೀಯ ರಾಮ್ಸಾರ್ ಮಾನ್ಯತೆ ಸಿಕ್ಕಿತು.

ಅಲ್ಲಿನ ಮುಖ್ಯ ಅತಿಥಿ ಪಟ್ಟೆತಲೆ ಹೆಬ್ಬಾತು. ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕರಿ ಪಟ್ಟೆ, ಗುರುತು ತಪ್ಪೋದೇ ಇಲ್ಲ. ದಕ್ಷಿಣ ಭಾರತದಲ್ಲಿ ಈ ಹಕ್ಕಿ ಚಳಿಗಾಲ ಕಳೆಯುವ ದೊಡ್ಡ ತಾಣಗಳಲ್ಲಿ ಮಾಗಡಿ ಒಂದು. ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆ ಮರಿ ಮಾಡಿ ಹಿಮಾಲಯ ದಾಟಿ ಬರುತ್ತದೆ. ಎವರೆಸ್ಟ್ ಮೇಲೆ ಹಾರುತ್ತದೆ ಅಂತ ಶಾಲೆಯಲ್ಲಿ ಕೇಳಿರಬಹುದು. ಯಂತ್ರ ಕಟ್ಟಿ ಅಳೆದಾಗ ಸಿಕ್ಕ ಗರಿಷ್ಠ ಎತ್ತರ 7,290 ಮೀಟರ್, ಬಹುತೇಕ ಹಾರಾಟ 5,500 ಮೀಟರ್‌ಗಿಂತ ಕೆಳಗೆ. ಅಂದ್ರೆ ಶಿಖರದ ಮೇಲೆ ಹಾರೋದಕ್ಕಿಂತ ಕಣಿವೆ ಹಿಡಿದು ದಾಟೋದೇ ಹೆಚ್ಚು. ಆದರೂ ಅಷ್ಟು ತೆಳು ಗಾಳಿಯಲ್ಲಿ ರೆಕ್ಕೆ ಬಡಿಯೋದು ಸಣ್ಣ ಮಾತಲ್ಲ.

ಹಗಲು ನೀರಲ್ಲಿ ವಿಶ್ರಾಂತಿ, ಸಂಜೆಯಾದ ಮೇಲೆ ಸುತ್ತಲಿನ ಹೊಲಗಳಿಗೆ ಮೇವಿಗೆ ಹೋಗುತ್ತವೆ. ಹಾಗಾಗಿ ಕೆರೆಗೆ ಬೇಲಿ ಹಾಕಿದರೆ ಮಾತ್ರ ಇವು ಉಳಿಯೋದಿಲ್ಲ, ಸುತ್ತಲಿನ ರೈತರು ಸಹಿಸಿಕೊಂಡರೆ ಮಾತ್ರ ಉಳಿಯುತ್ತವೆ. ಡಿಸೆಂಬರ್-ಜನವರಿ ಒಳ್ಳೆ ಸಮಯ. ಬೆಳಗ್ಗೆ ಬೇಗ ಇಲ್ಲವೇ ಸಂಜೆ ಹೋಗಿ, ಏರಿ ಮೇಲೆ ಪಟಾಕಿ, ಡ್ರೋನ್ ಬೇಡ.

ಹಾಗಾದ್ರೆ ನಿಜಕ್ಕೂ ಅಪರೂಪ ಯಾವುದು?

ದಸರಾದಲ್ಲಿ ಎಲ್ಲರೂ ಹುಡುಕುವ ನೀಲಕಂಠ, ನಮ್ಮ ರಾಜ್ಯ ಪಕ್ಷಿ, ಎಲ್ಲರಿಗೂ ಗೊತ್ತು. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಅದರದೇ ಬಳಗದ ಯುರೋಪಿಯನ್ ರೋಲರ್ ಮಧ್ಯ ಏಷ್ಯಾದಿಂದ ಆಫ್ರಿಕಾಕ್ಕೆ ಹೋಗುವ ದಾರಿಯಲ್ಲಿ ಭಾರತದ ವಾಯವ್ಯ ಭಾಗ ದಾಟುತ್ತದೆ. ದಕ್ಷಿಣಕ್ಕೆ ಅಪರೂಪಕ್ಕೆ ಬರುತ್ತದೆ. ನಮ್ಮ ನೀಲಕಂಠದ ಎದೆ ಕಂದು, ಅದರ ತಲೆ-ಎದೆ ಪೂರ್ತಿ ತಿಳಿ ನೀಲಿ. ಹಾರುವಾಗ ನಮ್ಮದರ ರೆಕ್ಕೆಯಲ್ಲಿ ತಿಳಿ ಮತ್ತು ಗಾಢ ನೀಲಿ ಪಟ್ಟೆ, ಅದರ ರೆಕ್ಕೆ ಅಂಚು ಕಪ್ಪು. ತಂತಿ ಮೇಲೆ ಕೂತ ಪ್ರತಿ ನೀಲಕಂಠದ ಎದೆ ನೋಡುವ ರೂಢಿ ಇದ್ದವರಿಗೆ ಮಾತ್ರ ಇದು ಸಿಗೋದು.

ಇನ್ನೊಂದು ಅಮುರ್ ಚಾಣ. ಪಾರಿವಾಳಕ್ಕಿಂತ ಹಗುರ, ಸುಮಾರು 150 ಗ್ರಾಂ. ರಷ್ಯಾ-ಚೀನಾ ಗಡಿಯ ಅಮುರ್ ನದಿ ಸೀಮೆಯಿಂದ ನಾಗಾಲ್ಯಾಂಡ್‌ಗೆ ಬಂದು ಗೆದ್ದಲು ತಿಂದು ಕೊಬ್ಬಿ, ನಂತರ ಭಾರತದ ಅಡ್ಡಕ್ಕೆ ಹಾರಿ ಅರಬ್ಬಿ ಸಮುದ್ರ ದಾಟಿ ಆಫ್ರಿಕಾ ಸೇರುತ್ತದೆ. 2012ರಲ್ಲಿ ನಾಗಾಲ್ಯಾಂಡ್‌ನ ದೋಯಾಂಗ್ ಜಲಾಶಯದ ಬಳಿ ಇವುಗಳನ್ನ ಬಲೆ ಹಾಕಿ ಸಾವಿರಾರು ಸಂಖ್ಯೆಯಲ್ಲಿ ಕೊಲ್ಲುತ್ತಿದ್ದದ್ದು ದೊಡ್ಡ ಸುದ್ದಿಯಾಯಿತು, ಮರುವರ್ಷವೇ ಅಲ್ಲಿನ ಊರವರು ಬೇಟೆ ನಿಲ್ಲಿಸಿದರು. ಆ ವರ್ಷದಿಂದ ಉಪಗ್ರಹ ಸಾಧನ ಕಟ್ಟಿ ಬಿಟ್ಟ ಹಕ್ಕಿಗಳಿಂದ ದಾರಿ ಗೊತ್ತಾಗಿದೆ. ದಖನ್ ಬಯಲಿನವರು ನವೆಂಬರ್‌ನಲ್ಲಿ ತಲೆ ಎತ್ತಿ ನೋಡುತ್ತಿರಬೇಕು. ಹಿಂಡಾಗಿ ಹಾರುತ್ತ ಗಾಳಿಯಲ್ಲೇ ಕೊಡತಿ ಹುಳ ಹಿಡಿಯುವ, ಕೆಂಪು ಕಾಲಿನ ಬೂದು ಚಾಣ ಕಂಡರೆ ಮೊದಲು ಫೋಟೊ, ಆಮೇಲೆ ಫೋನ್.

ಅಪರೂಪ ಅನ್ನೋದು ನೋಡಿದವರ ಬೆರಗಿನಿಂದ ತೀರ್ಮಾನ ಆಗೋದಿಲ್ಲ, ದಾಖಲೆಯಿಂದ ಆಗುತ್ತದೆ. ಬೆಳಗಾವಿಯಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿ ಇ.ಎ. ಬಟ್ಲರ್ ದಖನ್ ಮತ್ತು ದಕ್ಷಿಣ ಮರಾಠಾ ಸೀಮೆಯ, ಅಂದ್ರೆ ನಮ್ಮ ಭಾಗವೂ ಸೇರಿದ, ಹಕ್ಕಿಗಳ ಪಟ್ಟಿಯನ್ನ 1881ರಲ್ಲಿ "ಸ್ಟ್ರೇ ಫೆದರ್ಸ್" ಪತ್ರಿಕೆಯಲ್ಲಿ ಪ್ರಕಟಿಸಿದ. ಆ ಪತ್ರಿಕೆ ನಡೆಸುತ್ತಿದ್ದವನು ನಾಲ್ಕು ವರ್ಷದ ನಂತರ ಕಾಂಗ್ರೆಸ್ ಸ್ಥಾಪನೆಗೆ ಕಾರಣನಾದ ಎ.ಒ. ಹ್ಯೂಮ್. ಅಂಥ ಪಟ್ಟಿ ಇರುವುದರಿಂದಲೇ ಇಂದು ಹೋಲಿಸಿ ನೋಡಲು ಸಾಧ್ಯ.

ಈಗ ಆ ಕೆಲಸ ಮೊಬೈಲ್‌ನಲ್ಲೇ ಆಗುತ್ತದೆ. ಇ-ಬರ್ಡ್ ಆ್ಯಪ್‌ನಲ್ಲಿ ಜಾಗ, ದಿನಾಂಕ, ಸಮಯ, ಕಂಡ ಹಕ್ಕಿಗಳ ಸಂಖ್ಯೆ ಹಾಕಿದರೆ ಸಾಕು. ಆ ಜಾಗಕ್ಕೆ ಹೊಂದದ ಹಕ್ಕಿ ಬರೆದರೆ ತಜ್ಞರು ಪುರಾವೆ ಕೇಳುತ್ತಾರೆ. ಕಾಗೆ, ಗುಬ್ಬಿ, ಮೈನಾ ಬರೆಯೋಕೆ ನಾಚಬೇಡಿ. ಭಾರತದ ಸುಮಾರು 30 ಸಾವಿರ ಜನ ಹೀಗೆ ಬರೆದ 3 ಕೋಟಿ ದಾಖಲೆಗಳಿಂದಲೇ "ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್ 2023" ವರದಿ ತಯಾರಾಯಿತು. ದೀರ್ಘಾವಧಿ ಲೆಕ್ಕ ಸಿಕ್ಕ 338 ಜಾತಿಗಳಲ್ಲಿ 204 ಜಾತಿ ಕಡಿಮೆಯಾಗಿವೆ, 98 ಹಾಗೇ ಇವೆ, 36 ಹೆಚ್ಚಾಗಿವೆ. ಕಡಿಮೆಯಾದವುಗಳಲ್ಲಿ ಸೂಜಿಬಾಲದ ಬಾತು, ಶೋವೆಲರ್ ಇವೆ. ಬೇಟೆ ಹಕ್ಕಿಗಳಿವೆ. ಮತ್ತು ಯಾರೂ ಅಪರೂಪ ಅಂದುಕೊಳ್ಳದ ನಮ್ಮ ನೀಲಕಂಠವೂ ಇದೆ.

ಕಾಲಲ್ಲಿ ಉಂಗುರ, ಬೆನ್ನಲ್ಲಿ ಯಂತ್ರ

ಕಾರವಾರದಲ್ಲಿ 2025ರ ಡಿಸೆಂಬರ್‌ನಲ್ಲಿ ಬೆನ್ನಿಗೆ ಜಿಪಿಎಸ್ ಸಾಧನ ಕಟ್ಟಿದ್ದ ಕಡಲಹಕ್ಕಿ ಸಿಕ್ಕಾಗ ಗೂಢಚಾರಿಕೆ ಅನ್ನೋ ಮಾತು ಎಲ್ಲ ಕಡೆ ಹರಿದಾಡಿತು. ಸಾಧನದ ಮೇಲಿದ್ದದ್ದು ಚೀನಾದ ವಿಜ್ಞಾನ ಅಕಾಡೆಮಿಯ ಹೆಸರು. ವಲಸೆ ದಾರಿ ತಿಳಿಯಲು ಪ್ರಪಂಚದ ಎಲ್ಲ ಕಡೆ ಹೀಗೆ ಮಾಡುತ್ತಾರೆ. ಮಂಗೋಲಿಯಾದಲ್ಲಿ ಕತ್ತಿಗೆ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಮೈಸೂರು ಕಡೆಯ ಹದಿನಾರು ಕೆರೆಯಲ್ಲಿ ಕಂಡಿವೆ.

ಇಂಥ ಹಕ್ಕಿ ಕಂಡರೆ ಹಿಡಿಯಲು ಹೋಗಬೇಡಿ. ಪಟ್ಟಿಯ ಬಣ್ಣ, ಅಕ್ಷರ, ಅಂಕಿ ಓದುವಂತೆ ಫೋಟೊ ತೆಗೆದು ಅರಣ್ಯ ಇಲಾಖೆಗೆ ಅಥವಾ ಮುಂಬೈನ ಬಿಎನ್‌ಎಚ್‌ಎಸ್‌ಗೆ ಕಳಿಸಿ. ಸತ್ತು ಬಿದ್ದಿದ್ದರೆ ಉಂಗುರದ ಅಂಕಿ ಬರೆದುಕೊಳ್ಳಿ, ಬರಿಗೈಲಿ ಮುಟ್ಟಬೇಡಿ.

ಕೆರೆಗೆ ಕಲ್ಲು ಕಟ್ಟಿದರೆ

ಉಣಕಲ್ ಕೆರೆಯ ಅಂತರಗಂಗೆ ಬಗ್ಗೆ ಎಷ್ಟು ಸುದ್ದಿ ಬಂದರೂ ಸಾಲದು. ಹಸಿರು ಚಾಪೆ ನೀರು ಮುಚ್ಚಿದರೆ ಜಂಬುಕೋಳಿಗೆ ಸಂತೆ, ಬಾತುಗಳಿಗೆ ಇಳಿಯಲು ಜಾಗವೇ ಇಲ್ಲ. ಅವಕ್ಕೆ ತೆರೆದ ನೀರು ಬೇಕು. ಕಳೆ ತೆಗೆದರೂ ಚರಂಡಿ ನೀರು ಬರುತ್ತಿರುವ ತನಕ ಮತ್ತೆ ಬೆಳೆಯುತ್ತದೆ.

ಇದಕ್ಕಿಂತ ಕಡಿಮೆ ಚರ್ಚೆಯಾಗುವ ವಿಷಯ ಕೆರೆಯ ಅಂಚು. ಗದ್ದೆಗೊರವ, ಸಿಪಿಲೆ, ಮೆಟ್ಟುಗಾಲು ಹಕ್ಕಿ ಇವೆಲ್ಲ ತಿನ್ನೋದು ಪಾದ ಮುಳುಗುವಷ್ಟು ನೀರಿನ ರಾಡಿಯಲ್ಲಿ. ಕೆರೆ ಅಭಿವೃದ್ಧಿ ಅಂದ ಕೂಡಲೇ ಸುತ್ತ ಕಲ್ಲು ಕಟ್ಟಿ, ವಾಕಿಂಗ್ ಪಾಥ್ ಹಾಕಿ, ಲೈಟ್ ಬಿಡುವ ಪದ್ಧತಿಯಲ್ಲಿ ಮೊದಲು ಹೋಗೋದೇ ಆ ರಾಡಿ. ಜನರಿಗೆ ನಡೆಯಲು ದಾರಿ ಬೇಕು, ಅದನ್ನ ಬೇಡ ಅನ್ನೋಕಾಗಲ್ಲ. ಒಂದು ಬದಿ ಜನರಿಗೆ ಕೊಟ್ಟು, ನೀರು ಒಳಬರುವ ಇನ್ನೊಂದು ಬದಿ ಇಳಿಜಾರಾಗಿ ಹಾಗೇ ಬಿಡೋದಕ್ಕೆ ಖರ್ಚೂ ಕಡಿಮೆ.

ನೋಡಲು ಹೋಗುವವರಿಗೆ

ಬೈನಾಕ್ಯುಲರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಬೆಳಗ್ಗೆ ಆರೂವರೆಯಿಂದ ಒಂಬತ್ತು ಒಳ್ಳೆ ಹೊತ್ತು. ಮೊಬೈಲ್‌ನಲ್ಲಿ ಹಕ್ಕಿ ಕೂಗು ಹಾಕಿ ಕರೆಯೋದು ಬೇಡ, ದಣಿದು ಬಂದ ಹಕ್ಕಿಗೆ ಅದು ಸುಮ್ಮನೆ ಓಡಾಟ. ಜನವರಿಯಲ್ಲಿ ಏಷ್ಯಾ ನೀರಹಕ್ಕಿ ಗಣತಿ, ಫೆಬ್ರುವರಿಯಲ್ಲಿ ನಾಲ್ಕು ದಿನದ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಇರುತ್ತದೆ, ಯಾರು ಬೇಕಾದರೂ ಸೇರಬಹುದು.

ನಮಗೆ ಫೋಟೊ ಕಳಿಸುವವರು ಜೊತೆಗೆ ದಿನಾಂಕ, ಸಮಯ, ಜಾಗ ಬರೆದು ಕಳಿಸಿ. ಗೂಡಿನ ಫೋಟೊ ಕಳಿಸಬೇಡಿ, ಪ್ರಕಟಿಸುವುದಿಲ್ಲ.